ದಾರಿಯ ಭಯದಿಂದ ಹುಟ್ಟಿನ ಭಯಕ್ಕೆ: ಅಪರಾಧಭೀತಿಯ ಇತಿಹಾಸದಲ್ಲಿ ಒಂದು ಅಧ್ಯಾಯ

ಅಪರಾಧಗಳ ಇತಿಹಾಸ ಬೇರೆ, ಅಪರಾಧಭೀತಿಯ ಇತಿಹಾಸ ಬೇರೆ. ಮೊದಲನೆಯದಕ್ಕೆ ಠಾಣೆಯ ದಫ್ತರಗಳು, ನ್ಯಾಯಾಲಯದ ತೀರ್ಪುಗಳು, ಸೆರೆಮನೆಯ ಲೆಕ್ಕಗಳು ಆಧಾರವಾಗಿ ದೊರೆಯುತ್ತವೆ. ಎರಡನೆಯದಕ್ಕೆ ಅಂಥ ನೇರವಾದ ಆಧಾರಗಳಿಲ್ಲ. ಜನರು ಯಾರಿಗೆ ಅಂಜಿದರು, ಎಲ್ಲಿ ಅಂಜಿದರು, ಅಂಜಿ ಏನು ಮಾಡಿದರು ಎಂಬುದನ್ನು ಪ್ರಯಾಣಿಕರ ಬರಹಗಳಿಂದಲೂ ಶಾಸನಗಳ ಮಾತುಗಳಿಂದಲೂ ಭಾಷೆಯಲ್ಲಿ ಉಳಿದ ಪದಗಳಿಂದಲೂ ಹೆಕ್ಕಿ ತೆಗೆಯಬೇಕಾಗುತ್ತದೆ. ಕಷ್ಟಸಾಧ್ಯವೆಂಬ ಕಾರಣದಿಂದ ಈ ಕೆಲಸವನ್ನು ಬಿಡುವಂತಿಲ್ಲ. ಏಕೆಂದರೆ ಅಪರಾಧವು ಮಾಡುವ ಕೇಡು ಒಂದಾದರೆ, ಅಪರಾಧದ ಭಯವು ಮಾಡುವ ಕೇಡು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ದೀರ್ಘಕಾಲ ಬಾಳಿದ ನಿದರ್ಶನಗಳುಂಟು.

ಕಳ್ಳತನ, ಕೊಲೆಗಳು ಹೆಚ್ಚಿದಾಗ ಜನರ ಭಯ ಹೆಚ್ಚುತ್ತದೆ, ಅವು ತಗ್ಗಿದಾಗ ಭಯವೂ ತಗ್ಗುತ್ತದೆ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಇದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. ಭಯವು ತಗ್ಗುವುದಕ್ಕಿಂತ ಹೆಚ್ಚಾಗಿ ಸ್ಥಾನವನ್ನು ಬದಲಿಸುತ್ತದೆ. ಒಂದು ವಸ್ತುವನ್ನು ಬಿಟ್ಟು ಮತ್ತೊಂದನ್ನು ಹಿಡಿಯುತ್ತದೆ. ಠಗ್ಗರು ಅಥವಾ ಫಾಸಿಗಾರರು ಎಂದು ಹೆಸರಾದ ಕೊಲೆಗಡುಕರ ವಿಷಯವಾಗಿ ನಮ್ಮ ದೇಶದಲ್ಲಿ ಹುಟ್ಟಿದ ಭೀತಿಯು ಸುಮಾರು ಎರಡು ಶತಮಾನಗಳಲ್ಲಿ ಹೇಗೆ ಸ್ಥಾನಾಂತರ ಹೊಂದಿತೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಅದು ಮೊದಲು ದಾರಿಯ ಭಯವಾಗಿತ್ತು. ಬಳಿಕ ಗುಪ್ತಕೂಟದ ಭಯವಾಯಿತು. ಕೊನೆಗೆ ಮನುಷ್ಯರ ಹುಟ್ಟಿನ ಭಯವಾಗಿ ಪರಿಣಮಿಸಿತು. ಈ ಕಥೆಯಲ್ಲಿ ಕನ್ನಡ ನಾಡಿಗೆ ಸೇರಿದ ಭಾಗವೂ ಅಲ್ಪವಲ್ಲ.

1

ದಾರಿಯ ಭಯ ಬಹು ಹಳೆಯದು. ಹದಿನೇಳನೆಯ ಶತಮಾನದಲ್ಲಿ, 1666-67ರ ಸುಮಾರಿಗೆ, ಭಾರತದಲ್ಲಿ ಸಂಚರಿಸಿದ ಫ್ರೆಂಚ್ ಪ್ರವಾಸಿ ಥೆವೆನೊ ದೆಹಲಿ-ಆಗ್ರಾಗಳ ನಡುವಣ ಮಾರ್ಗದಲ್ಲಿ ಕುಣಿಕೆ ಹಾಕಿ ಕೊಲ್ಲುವ ಕಳ್ಳರಿರುವುದನ್ನು ಹೇಳಿದ್ದಾನೆ. ಅದೇ ಶತಮಾನದ ಎಪ್ಪತ್ತರ ದಶಕದಲ್ಲಿ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್ ಸೂರತ್ತಿನ ಬಳಿ ಇಂಥ ಕಳ್ಳರ ಒಂದು ಗುಂಪಿಗೆ ಮರಣದಂಡನೆಯಾದುದನ್ನು ಬರೆದಿದ್ದಾನೆ. ಆದರೆ ಈ ಇಬ್ಬರ ಬರಹದಲ್ಲಿಯೂ ಅವರು ದಾರಿಗಳ್ಳರೇ ಹೊರತು ಯಾವುದೋ ಒಂದು ಮತದವರೂ ಅಲ್ಲ, ಕುಲದವರೂ ಅಲ್ಲ.

ದಕ್ಷಿಣದಲ್ಲಿ ಈ ವಿಷಯ ಬೆಳಕಿಗೆ ಬಂದುದು 1799ರಲ್ಲಿ. ಶ್ರೀರಂಗಪಟ್ಟಣವು ಬಿದ್ದ ತರುವಾಯ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ಇಂಥವರು ಸೆರೆ ಸಿಕ್ಕರು. ಆಗಲೂ ಅವರನ್ನು ಪ್ರತ್ಯೇಕವಾದ ಒಂದು ವರ್ಗವೆಂದು ಕಂಪೆನಿಯ ಅಧಿಕಾರಿಗಳು ಭಾವಿಸಲಿಲ್ಲ. 1807ರಲ್ಲಿ ಚಿತ್ತೂರು ಮತ್ತು ಆರ್ಕಾಟುಗಳ ನಡುವೆ ಮತ್ತೊಂದು ತಂಡ ಸಿಕ್ಕಿದ ಮೇಲೆಯೇ ಅವರ ಕ್ರಮಗಳು ವಿವರವಾಗಿ ತಿಳಿದುಬಂದವು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ವೈದ್ಯನಾಗಿದ್ದ ರಿಚರ್ಡ್ ಷೆರ್‌ವುಡ್ 1816ರಲ್ಲಿ ಫಾಸಿಗಾರರನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಅದರಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಇವರಿಗಿದ್ದ ಹೆಸರುಗಳನ್ನು ಕೊಡುತ್ತ ಕನ್ನಡದ ಹೆಸರನ್ನೂ ಕೊಟ್ಟಿದ್ದಾನೆ: 'ತಂತಿ ಕಳ್ಳರು', ಅಂದರೆ ತಂತಿಯ ಕುಣಿಕೆಯಿಂದ ಕೆಲಸ ನಡೆಸುವವರು.

ಈ ಹೆಸರು ನಮ್ಮ ವಿಚಾರಕ್ಕೆ ಬಹಳ ಉಪಯುಕ್ತವಾದುದು. ಇದು ಆಯುಧದಿಂದ ಬಂದ ಹೆಸರು. ಜಾತಿಯಿಂದಾಗಲಿ ದೈವದಿಂದಾಗಲಿ ಬಂದುದಲ್ಲ. 'ಠಗ್' ಎಂಬ ಹಿಂದೀ ಪದವೂ ಮೂಲತಃ ಮೋಸಗಾರನೆಂಬ ಅರ್ಥವುಳ್ಳದ್ದೇ. ಅದೇ ಮೂಲದಿಂದ ಬಂದ ನಮ್ಮ 'ಠಕ್ಕ' ಎಂಬ ಮಾತು ಇಂದಿಗೂ ವಂಚಕನನ್ನು ಸೂಚಿಸುತ್ತದೆಯೇ ಹೊರತು ಕೊಲೆಗಾರನನ್ನಲ್ಲ. ಇಂಗ್ಲಿಷಿಗೆ ಹೋದ ಪದವಾದರೋ ಹಿಂಸೆಗೆ ಪರ್ಯಾಯವಾಯಿತು. ಒಂದೇ ಪದದ ಈ ಎರಡು ಗತಿಗಳಲ್ಲಿ ಎರಡು ಬಗೆಯ ಭಯಗಳ ಗುರುತು ಉಳಿದಿದೆ. ದಾರಿ ನಡೆಯುವ ಜನರಿಗೆ ಮುಖ್ಯವಾಗಿ ಕಂಡದ್ದು ಜೊತೆಗಾರನಂತೆ ಬಂದು ನಂಬಿಕೆ ಗಳಿಸುವ ಕಪಟ. ದೂರದಲ್ಲಿ ಕುಳಿತು ಓದಿದವರಿಗೆ ಮುಖ್ಯವಾಗಿ ಕಂಡದ್ದು ಕೊರಳಿಗೆ ಬೀಳುವ ಕುಣಿಕೆ.

ದಾರಿಯ ಭಯಕ್ಕೆ ಕಾರಣಗಳು ಸ್ಪಷ್ಟವಾಗಿದ್ದುವು. ಸತತವಾದ ಯುದ್ಧಗಳಿಂದ ಸೈನ್ಯಗಳು ಚೆದುರಿ, ಸಂಬಳವಿಲ್ಲದ ಸಿಪಾಯಿಗಳು ದೇಶದಲ್ಲೆಲ್ಲ ತಿರುಗುತ್ತಿದ್ದರು. ವರ್ತಕರೂ ರಜೆಯ ಮೇಲೆ ಊರಿಗೆ ಹೋಗುವ ಸಿಪಾಯಿಗಳೂ ನಗದು ಹಣವನ್ನು ನಡುವಿಗೆ ಕಟ್ಟಿಕೊಂಡೇ ನಡೆಯಬೇಕಾಗಿತ್ತು. ಸತ್ತವನ ಊರು ತಿಂಗಳುಗಟ್ಟಲೆ ದೂರದ್ದಾದುದರಿಂದ ಅವನು ಬರಲಿಲ್ಲವೆಂಬುದು ಗೊತ್ತಾಗುವ ವೇಳೆಗೆ ಕೊಂದವರು ಬೇರೊಂದು ಸಂಸ್ಥಾನವನ್ನು ಸೇರಿರುತ್ತಿದ್ದರು. ಪರಿಹಾರಗಳೂ ಅಷ್ಟೇ ಸ್ಪಷ್ಟವಾಗಿದ್ದುವು: ಗುಂಪು ಕಟ್ಟಿಕೊಂಡು ನಡೆಯುವುದು, ಕಾವಲಿನವರನ್ನು ಕರೆದೊಯ್ಯುವುದು, ಹಣವನ್ನು ಹುಂಡಿಯ ಮೂಲಕ ಕಳುಹಿಸುವುದು, ದಾರಿಯಲ್ಲಿ ಸಿಕ್ಕವನೊಡನೆ ಊಟಕ್ಕೆ ಕೂರದಿರುವುದು. 1810ರಲ್ಲಿ ಮೇಜರ್ ಜನರಲ್ ಸೇಂಟ್ ಲೆಜರ್ ತನ್ನ ಸಿಪಾಯಿಗಳಿಗೆ ಹೊರಡಿಸಿದ ಎಚ್ಚರಿಕೆಯ ಆಜ್ಞೆಯೂ ಈ ಜಾತಿಯ ಬುದ್ಧಿವಾದವೇ. ಈ ಹಂತದ ಭಯದಲ್ಲಿ ಒಂದು ವಿವೇಕವಿತ್ತು. ಅದು ಸ್ಥಳಕ್ಕೂ ಕಾಲಕ್ಕೂ ಸಂದರ್ಭಕ್ಕೂ ಬದ್ಧವಾಗಿತ್ತು. ಊರು ಸೇರಿದೊಡನೆ ಮುಗಿಯುತ್ತಿತ್ತು. ಅದರಿಂದ ಯಾವ ಮೂರನೆಯವನಿಗೂ ಶಾಶ್ವತವಾದ ಕಳಂಕ ತಟ್ಟುತ್ತಿರಲಿಲ್ಲ.

2

1830ರ ದಶಕದಲ್ಲಿ ಈ ಭಯದ ಸ್ವರೂಪವೇ ಬದಲಾಯಿತು. ನರ್ಮದಾ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಸ್ಲೀಮನ್ 1830ರಲ್ಲಿ ಕಲ್ಕತ್ತೆಯ ಪತ್ರಿಕೆಯೊಂದಕ್ಕೆ ಹೆಸರು ಹಾಕದೆ ಬರೆದ ಪತ್ರದಲ್ಲಿ ಠಗ್ಗರನ್ನು ವಿಂಧ್ಯಾಚಲದ ದೇವೀ ಆರಾಧನೆಗೆ ಗಂಟುಹಾಕಿದನು. 1835ರಲ್ಲಿ ಠಗ್ಗರ ನಿರ್ಮೂಲನದ ಮುಖ್ಯಾಧಿಕಾರವು ಅವನಿಗೆ ಬಂದಿತು. 1836ರಲ್ಲಿ ಅವರ ಗುಪ್ತಭಾಷೆಯ ಕೋಶವನ್ನೊಳಗೊಂಡ ಅವನ ಗ್ರಂಥವು ಪ್ರಕಟವಾಯಿತು. ಅಲ್ಲಿಂದ ಮುಂದೆ ಅವರು ಬರಿಯ ದಾರಿಗಳ್ಳರಾಗಿ ಉಳಿಯಲಿಲ್ಲ. ದೇಶದ ಉದ್ದಗಲಕ್ಕೂ ಹಬ್ಬಿದ, ಪ್ರತ್ಯೇಕ ಭಾಷೆಯೂ ಶಕುನಶಾಸ್ತ್ರವೂ ಇದ್ದ, ಕೊಲೆಯನ್ನೇ ಧರ್ಮವಾಗಿ ಉಳ್ಳ ಒಂದು ಗುಪ್ತ ಸಹೋದರತ್ವವೆಂದು ಹೆಸರಾದರು.

ಕೊಲೆಗಳು ನಡೆದೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ತೋರಿಸಿದ ಜಾಗಗಳಲ್ಲಿ ಅಗೆದಾಗ ಶವಗಳು ಸಿಕ್ಕವು. ಈ ಸಾಕ್ಷ್ಯವನ್ನು ತಳ್ಳಿಹಾಕಲಾಗದು. ವಿವಾದವಿರುವುದು ಅವುಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದ ವಿವರಣೆಯ ಬಗ್ಗೆ. ಆ ವಿವರಣೆಗೆ ಬಹುಮಟ್ಟಿಗೆ ಆಧಾರವಾದುದು ಕ್ಷಮೆಯ ಆಸೆಯಿಂದ ಮಾಫಿ ಸಾಕ್ಷಿಗಳಾಗಿ ನುಡಿದ ಕೈದಿಗಳ ಮಾತು. 1831ರಿಂದ 1837ರವರೆಗೆ ವಿಲೇವಾರಿಯಾದ 3,266 ಮಂದಿಯ ಪೈಕಿ 412 ಜನರಿಗೆ ಗಲ್ಲಾಯಿತು; 483 ಜನ ಮಾಫಿ ಸಾಕ್ಷಿಗಳಾದರು. ಗಲ್ಲಿಗೇರಿದವರಿಗಿಂತ ಸಾಕ್ಷಿ ನುಡಿದು ಉಳಿದವರ ಸಂಖ್ಯೆ ಹೆಚ್ಚೆಂಬುದು ಗಮನಾರ್ಹ.

1836ರ ಮೂವತ್ತನೆಯ ಶಾಸನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಠಗ್ಗರ ಯಾವುದೇ ತಂಡಕ್ಕೆ ಸೇರಿದ್ದನೆಂದು ಸಿದ್ಧವಾದರೆ ಸಾಕು, ಅದು ಶಾಸನಕ್ಕೆ ಮೊದಲಿರಲಿ ಆಮೇಲಿರಲಿ, ಕಂಪೆನಿಯ ಸೀಮೆಯ ಒಳಗಿರಲಿ ಹೊರಗಿರಲಿ, ಕಠಿಣವಾದ ಆಜೀವ ಸೆರೆಯೆಂದು ಅದು ವಿಧಿಸಿತು. ಠಗ್ಗನೆಂದರೆ ಯಾರೆಂಬ ನಿರೂಪಣೆಯನ್ನು ಮಾತ್ರ ಅದರಲ್ಲಿ ಕೊಡಲಿಲ್ಲ. ಮಾಡಿದ ಕೃತ್ಯದಿಂದ ಸೇರಿದ ಗುಂಪಿನ ಕಡೆಗೆ ದಂಡನೀತಿಯು ಹೊರಳಿದುದನ್ನು ನಾವು ಇಲ್ಲಿ ಕಾಣುತ್ತೇವೆ.

ಈ ಹೊಸ ಭಯವು ದಾರಿ ನಡೆಯದವರನ್ನೂ ಮುಟ್ಟಿತು. ನಿಜಾಮರ ಸೇವೆಯಲ್ಲಿದ್ದ, ಮುಂದೆ ನಮ್ಮ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡು ಅಲ್ಲಿಯ ಜನರ ನೆನಪಿನಲ್ಲಿ ಉಳಿದಿರುವ ಮೆಡೋಸ್ ಟೇಲರ್ 1839ರಲ್ಲಿ ಠಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಒಂದು ಕಾದಂಬರಿಯನ್ನು ಪ್ರಕಟಿಸಿದನು. ಲಂಡನ್ನಿನಲ್ಲಿ ಅದಕ್ಕೆ ಅಪಾರವಾದ ಮನ್ನಣೆ ದೊರೆಯಿತು. ಭಾರತದ ಮಾರ್ಗಗಳನ್ನು ಎಂದೂ ತುಳಿಯದವರು ಅವುಗಳಿಗೆ ಹೆದರಲು ಕಲಿತರು. ಇನ್ನೂ ವಿಚಿತ್ರವಾದುದೆಂದರೆ, ಠಗ್ಗರು ಇಲ್ಲವಾದ ಮೇಲೂ ಅವರು ಕೊಂದವರ ಸಂಖ್ಯೆ ಪುಸ್ತಕಗಳಲ್ಲಿ ಬೆಳೆಯುತ್ತಲೇ ಹೋಯಿತು. ಸ್ಲೀಮನ್ನನ ಮೊಮ್ಮಗ ಜೇಮ್ಸ್ ಸ್ಲೀಮನ್ ಸುಮಾರು ನೂರು ವರ್ಷಗಳ ಅನಂತರ ಬರೆದ ಗ್ರಂಥಕ್ಕೆ ಹತ್ತು ಲಕ್ಷ ಕೊಲೆಗಳೆಂಬ ಅರ್ಥದ ಶಿರೋನಾಮೆಯನ್ನೇ ಇಟ್ಟನು. ಈಚಿನ ಸಂಶೋಧಕರು ಈ ಸಂಖ್ಯೆಯನ್ನು ಒಪ್ಪುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇದು ಯಾರ ಭಯ? ನಮಗೆ ದೊರೆಯುವ ಕಾಗದಪತ್ರಗಳು ಬಹುಪಾಲು ಅಧಿಕಾರಿಗಳವು. ಜನಸಾಮಾನ್ಯರ ಅಂಜಿಕೆಗಳು ಅನೇಕ ವೇಳೆ ಬೇರೆಯ ಕಡೆಗೇ ತಿರುಗಿದ್ದವು. ಹೊಸ ಸೇತುವೆಯ ಬುನಾದಿಗೆ ಬಲಿ ಕೊಡಲು ಸರಕಾರದವರು ಮಕ್ಕಳನ್ನು ಹಿಡಿದೊಯ್ಯುತ್ತಾರೆಂಬ ವದಂತಿ ಹತ್ತೊಂಬತ್ತನೆಯ ಶತಮಾನದಲ್ಲಿ ದೇಶದ ಹಲವೆಡೆ ಹಬ್ಬಿತ್ತು. ಆಳುವವರು ಪ್ರಜೆಗಳಲ್ಲಿ ಗುಪ್ತ ಕೊಲೆಗಡುಕರನ್ನು ಕಂಡರು. ಪ್ರಜೆಗಳು ಆಳುವವರಲ್ಲಿ ಮಕ್ಕಳ ಕಳ್ಳರನ್ನು ಕಂಡರು. ವ್ಯತ್ಯಾಸವಿಷ್ಟೆ: ಒಬ್ಬರ ಭಯಕ್ಕೆ ಶಾಸನ ಮಾಡುವ ಶಕ್ತಿಯಿತ್ತು, ಇನ್ನೊಬ್ಬರ ಭಯಕ್ಕಿರಲಿಲ್ಲ.

3

ಭಾರತದಿಂದ ಲಂಡನ್ನಿಗೆ ಹೋದ ಈ ಭಯವು ಅಲ್ಲಿಯೇ ಒಂದು ಫಲ ಬಿಟ್ಟಿತು. 1862ರ ಜುಲೈ 17ರ ರಾತ್ರಿ ಪಾರ್ಲಿಮೆಂಟಿನಿಂದ ನಡೆದು ಹೋಗುತ್ತಿದ್ದ ಸದಸ್ಯ ಪಿಲ್ಕಿಂಗ್ಟನ್ನನನ್ನು ಯಾರೋ ಹೊಡೆದು, ಕತ್ತು ಅದುಮಿ, ಗಡಿಯಾರವನ್ನು ಕಸಿದರು. ಅಲ್ಲಿಂದ ಕೆಲವು ತಿಂಗಳವರೆಗೆ ಕತ್ತು ಹಿಸುಕುವ ಕಳ್ಳರ ಸುದ್ದಿಯೇ ಪತ್ರಿಕೆಗಳಲ್ಲಿ ತುಂಬಿತು. ಅವರನ್ನು ಭಾರತದ ಠಗ್ಗರಿಗೆ ಹೋಲಿಸಲಾಯಿತು. ಕೊರಳಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು ತಿರುಗುವ ಗೃಹಸ್ಥರ ಚಿತ್ರಗಳನ್ನು ಹಾಸ್ಯಪತ್ರಿಕೆಗಳು ಮುದ್ರಿಸಿದವು. ಪೊಲೀಸರು ಸಂದೇಹ ಬಂದವರನ್ನೆಲ್ಲ ಹಿಡಿಯತೊಡಗಿದರು. ಹಿಡಿದವರ ಲೆಕ್ಕ ಏರಿದುದನ್ನು ನೋಡಿ ಅಪರಾಧವೇ ಏರಿತೆಂದು ಜನ ಮತ್ತಷ್ಟು ಹೆದರಿದರು. 1863ರಲ್ಲಿ ಇಂಥ ಕಳ್ಳರಿಗೆ ಛಡಿಯೇಟಿನ ಶಿಕ್ಷೆಯನ್ನು ವಿಧಿಸುವ ಶಾಸನವಾಯಿತು. ಆ ವೇಳೆಗೆ ಆ ಹಾವಳಿ ಇಳಿದುಹೋಗಿತ್ತು. ಭಯ ಹೋದರೂ ಭಯ ಹೆತ್ತ ಕಾನೂನು ಉಳಿಯುತ್ತದೆ ಎಂಬುದಕ್ಕೆ ಇದೊಂದು ಉತ್ತಮ ನಿದರ್ಶನ. ಆದರೂ ಇಂಗ್ಲೆಂಡಿನ ಈ ಶಾಸನವು ಅಪರಾಧ ಸಿದ್ಧವಾದ ವ್ಯಕ್ತಿಯನ್ನು ಮಾತ್ರ ದಂಡಿಸಿತೆಂಬುದನ್ನು ಮರೆಯಬಾರದು. ಎಂಟು ವರ್ಷಗಳ ತರುವಾಯ ಅದೇ ಸಾಮ್ರಾಜ್ಯವು ಭಾರತದಲ್ಲಿ ಮಾಡಿದ ಶಾಸನಕ್ಕೆ ಈ ಮಿತಿಯೂ ಇರಲಿಲ್ಲ.

4

1871ರ ಅಪರಾಧಿ ಬುಡಕಟ್ಟುಗಳ ಶಾಸನವು ಭಯದ ಮೂರನೆಯ ಹಂತ. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರನಾಗುವ ದೇಶದಲ್ಲಿ ಕಳ್ಳನ ಮಗ ಕಳ್ಳನೇ ಆಗಿರಬೇಕೆಂಬ ತರ್ಕವು ಈ ಶಾಸನದ ಹಿಂದಿತ್ತು. ಸರಕಾರವು ಒಂದು ಸಮುದಾಯವನ್ನು ಅಪರಾಧಿಯೆಂದು ಸಾರಬಹುದಾಗಿತ್ತು. ಹಾಗೆ ಸಾರಿದ ಪ್ರಕಟಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಅಂಥ ಸಮುದಾಯದವರು ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಪರವಾನಗಿ ಇಲ್ಲದೆ ಊರು ಬಿಡಬಾರದು. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯನ್ನು 1911ರಲ್ಲಿ ಮದರಾಸನ್ನೂ ಒಳಗೊಂಡಂತೆ ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸಲಾಯಿತು. 1924ರಲ್ಲಿ ಮತ್ತೆ ಕ್ರೋಡೀಕರಿಸಲಾಯಿತು.

ಇಷ್ಟರಲ್ಲಿ ದಾರಿಯ ಭಯ ಏನಾಯಿತು? ಅದು ಬಹುಮಟ್ಟಿಗೆ ತಾನಾಗಿಯೇ ಕರಗಿತ್ತು. ಬೆಂಗಳೂರು ದಂಡಿಗೆ 1864ರಲ್ಲಿ ರೈಲು ಬಂದಿತು. 1880ರಲ್ಲಿ ಅಂಚೆಯ ಮನಿಯಾರ್ಡರು ಆರಂಭವಾಯಿತು. ಹಣ ಕಟ್ಟಿಕೊಂಡು ತಿಂಗಳುಗಟ್ಟಲೆ ನಡೆಯುವ ಪ್ರಯಾಣಿಕನೇ ಅಪರೂಪವಾದ ಮೇಲೆ ಅವನನ್ನು ಕಾದು ಕೂರುವವನಿಗೂ ಕೆಲಸವಿಲ್ಲವಾಯಿತು. ನಮ್ಮ ವಾದದ ಮರ್ಮ ಇರುವುದು ಇಲ್ಲಿಯೇ. ಯಾವ ರೈಲು ದಾರಿಯ ಭಯವನ್ನು ಕಳೆಯಿತೋ ಅದೇ ರೈಲು ದಾರಿಯನ್ನು ನೆಚ್ಚಿ ಬಾಳುತ್ತಿದ್ದವರ ಅನ್ನವನ್ನೂ ಕಳೆಯಿತು. ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಡುವೆ ವ್ಯಾಪಾರ ನಡೆಸುತ್ತಿದ್ದ ಕೊರಚರು, ಕೊರಮರು, ಸೈನ್ಯಗಳಿಗೆ ದವಸ ಒದಗಿಸುತ್ತಿದ್ದ ಲಂಬಾಣಿಗಳು ಒಂದು ಕಾಲದಲ್ಲಿ ಹಳ್ಳಿಗಳಿಗೆ ಬೇಕಾದವರಾಗಿದ್ದರು. ಉಪ್ಪಿನ ಮೇಲೆ ಸರಕಾರದ ಹಿಡಿತ ಬಿಗಿಯಾಗಿ, ಸಾಮಾನು ರೈಲಿನಲ್ಲಿ ಸಾಗತೊಡಗಿ, 1876-78ರ ಘೋರ ಕ್ಷಾಮವೂ ಕೂಡಿಕೊಂಡು, ಅವರ ವ್ಯಾಪಾರ ಮುರಿದುಬಿದ್ದಿತು. ಹೇರೆತ್ತಿನೊಡನೆ ಬಂದಾಗ ವರ್ತಕನಾಗಿದ್ದವನು ಬರಿಗೈಯಲ್ಲಿ ಬಂದಾಗ ಸಂಶಯಾಸ್ಪದ ವ್ಯಕ್ತಿಯಾದನು. ಅವರಲ್ಲಿ ಕೆಲವರು ಕಳ್ಳತನಕ್ಕೆ ಇಳಿದಿರಬಹುದು. ಹಸಿದ ಯಾವ ಸಮುದಾಯದಲ್ಲಿಯೂ ಅದು ನಡೆಯುವ ಸಂಗತಿ. ಆದರೆ ಕಾನೂನು ಹಸಿವನ್ನು ಕಾಣಲಿಲ್ಲ, ಹುಟ್ಟನ್ನು ಕಂಡಿತು.

ಮುಂಬಯಿ ಕರ್ಣಾಟಕದಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಈ ಜನರಿಗಾಗಿ ಬೇಲಿ ಹಾಕಿದ ವಸಾಹತುಗಳು ಏರ್ಪಟ್ಟವು. ಅಲ್ಲಿಯವರು ಹಾಜರಿ ಕೊಟ್ಟು ಗಿರಣಿ ಮೊದಲಾದ ಕಡೆ ಕೆಲಸಕ್ಕೆ ಹೋಗಿ ಮತ್ತೆ ಹಾಜರಿಗೆ ಮರಳಬೇಕಾಗಿತ್ತು. ಹರಣಶಿಕಾರಿ, ಛಪ್ಪರಬಂದ್, ಘಂಟಿಚೋರ ಮೊದಲಾದ ಸಮುದಾಯಗಳು ಈ ಶಾಸನದ ಹಿಡಿತಕ್ಕೆ ಸಿಕ್ಕಿದವು. ಕೊನೆಯ ಹೆಸರನ್ನು ಗಮನಿಸಿ: ಅದರೊಳಗೇ 'ಚೋರ' ಎಂಬ ಮಾತು ಕುಳಿತಿದೆ. 'ತಂತಿ ಕಳ್ಳ' ಎಂಬುದು ಒಂದು ಕೃತ್ಯದ ಹೆಸರಾಗಿತ್ತು. ಕೃತ್ಯ ನಿಂತರೆ ಹೆಸರೂ ನಿಲ್ಲುತ್ತಿತ್ತು. ಇದಾದರೋ ತೊಟ್ಟಿಲಿನ ಕೂಸಿಗೂ ಅಂಟುವ ಹೆಸರು. ಶಾಸನ ಹೋಗಿ ಎಪ್ಪತ್ತು ವರ್ಷಗಳಾದರೂ ಹುಬ್ಬಳ್ಳಿಯಲ್ಲಿ 'ಸೆಟ್ಲಮೆಂಟ್' ಎಂಬ ಪ್ರದೇಶದ ಹೆಸರು ಅಳಿದಿಲ್ಲ.

5

ಸ್ವಾತಂತ್ರ್ಯಾನಂತರ ಈ ಶಾಸನವು ರದ್ದಾಯಿತು: ಮದರಾಸಿನಲ್ಲಿ 1947ರಲ್ಲಿ, ಮುಂಬಯಿಯಲ್ಲಿ 1949ರಲ್ಲಿ, ದೇಶಕ್ಕೆಲ್ಲ 1952ರ ಆಗಸ್ಟ್ 31ರಂದು. ಅಂದಿನಿಂದ ಈ ಸಮುದಾಯಗಳು 'ವಿಮುಕ್ತ'ವೆನಿಸಿದವು. ಆದರೆ ಅನೇಕ ಪ್ರಾಂತಗಳು ಅದರ ಸ್ಥಾನದಲ್ಲಿ ರೂಢಿಗತ ಅಪರಾಧಿಗಳ ಶಾಸನಗಳನ್ನು ತಂದವು. ಮೈಸೂರು ರಾಜ್ಯದ ಶಾಸನ 1961ರದು. ಹೊಸ ಕಾನೂನು ಸಮುದಾಯವನ್ನು ಬಿಟ್ಟು ವ್ಯಕ್ತಿಯ ಹಿಂದಿನ ಶಿಕ್ಷೆಗಳನ್ನು ನೋಡುತ್ತದೆಂಬುದು ಸೈದ್ಧಾಂತಿಕವಾಗಿ ದೊಡ್ಡ ಸುಧಾರಣೆಯೇ ಸರಿ. ಆಚರಣೆಯಲ್ಲಿ ಸಂಶಯದ ಕಣ್ಣು ಹಳೆಯ ಕಡೆಗೇ ತಿರುಗುತ್ತಿತ್ತು. ಹಲವು ರಾಜ್ಯಗಳ ಸೆರೆಮನೆಯ ಕೈಪಿಡಿಗಳಲ್ಲಿ ಅಲೆಮಾರಿ ಬುಡಕಟ್ಟುಗಳನ್ನು ಅಪರಾಧದೊಡನೆ ಸೇರಿಸಿದ ನಿಯಮಗಳು ಉಳಿದೇ ಇದ್ದವು. ಜಾತಿಯ ಆಧಾರದ ಇಂಥ ನಿಯಮಗಳನ್ನು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದುದು 2024ರ ಅಕ್ಟೋಬರ್ 3ರಂದು.

ಭಯವು ಕಾಗದದಲ್ಲಿ ಮಾತ್ರ ಉಳಿದಿದ್ದರೆ ಇದನ್ನು ಪುರಾತನ ವಿಷಯವೆಂದು ಬಿಡಬಹುದಾಗಿತ್ತು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಮೊಬೈಲ್ ಫೋನುಗಳ ಮೂಲಕ ದೇಶದಲ್ಲೆಲ್ಲ ಹರಡಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯಲ್ಲಿ ಗುಂಪೊಂದು ಐದು ಮಂದಿಯನ್ನು ಬಡಿದು ಕೊಂದಿತು. ಸತ್ತವರು ನಾಥಪಂಥೀ ಡವರೀ ಗೋಸಾವಿ ಎಂಬ ಅಲೆಮಾರಿ ಸಮುದಾಯದವರು. ಭಿಕ್ಷೆ ಬೇಡುತ್ತ ಬಂದವರು. ಹನ್ನೆರಡು ದಿನಗಳ ತರುವಾಯ ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದ ವಿದ್ಯಾವಂತ ತರುಣನೊಬ್ಬನು ಅದೇ ವದಂತಿಗೆ ಬಲಿಯಾದನು. ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಸಂದೇಹಕ್ಕೆ ಎಡೆಯಾಗಿತ್ತು. ದಾರಿ ನಡೆಯುವವನು ಊರಿನವರನ್ನು ಕಂಡು ನಿಟ್ಟುಸಿರು ಬಿಡುತ್ತಿದ್ದ ಕಾಲವೊಂದಿತ್ತು. ಈಗ ಊರಿನವರೇ ದಾರಿಹೋಕನಿಗೆ ಹೆದರಿದರು. ಆ ಹೆದರಿಕೆಯಿಂದಲೇ ಕೊಂದರು. ಎರಡು ಶತಮಾನಗಳಲ್ಲಿ ಭಯವು ಸಂಪೂರ್ಣವಾಗಿ ಮಗ್ಗುಲು ಬದಲಿಸಿತ್ತು.

ಮೇಲಿನ ವಿವೇಚನೆಯಿಂದ ನಮಗೆ ಫಲಿಸುವ ನಿರ್ಣಯಗಳು ಮೂರು. ಮೊದಲನೆಯದಾಗಿ, ಅಪರಾಧಭೀತಿಯನ್ನು ಅಪರಾಧದ ಅಳತೆಗೋಲಾಗಿ ಬಳಸುವುದು ಇತಿಹಾಸಕಾರನಿಗೆ ತಕ್ಕುದಲ್ಲ; ಅದನ್ನು ಬೇರೆಯಾಗಿಯೇ ಕಾಲ ನಿರ್ದೇಶಿಸಿ ಅಧ್ಯಯನ ಮಾಡಬೇಕು. ಎರಡನೆಯದಾಗಿ, ಭಯವು ಕೃತ್ಯಕ್ಕೆ ಅಂಟಿರುವಷ್ಟು ಕಾಲ ಮನುಷ್ಯನನ್ನು ಎಚ್ಚರದಲ್ಲಿರಿಸುತ್ತದೆ. ಕುಲಕ್ಕೆ ಅಂಟಿದೊಡನೆ ಕುರುಡನನ್ನಾಗಿ ಮಾಡುತ್ತದೆ. ಮೂರನೆಯದಾಗಿ, ಈ ಎರಡನೆಯ ಬಗೆಯ ಭಯವು ಜನರ ಮನಸ್ಸಿನಲ್ಲಿ ತಾನಾಗಿ ಹುಟ್ಟಿದುದಲ್ಲ. ಅದನ್ನು ವರದಿಗಳು, ಕಾದಂಬರಿಗಳು, ಶಾಸನಗಳು ಒಂದರ ಮೇಲೊಂದು ಇಟ್ಟಿಗೆಯಿಟ್ಟು ಕಟ್ಟಿದವು. ಕಟ್ಟಿದುದಾದ್ದರಿಂದಲೇ ಅದನ್ನು ಕೆಡವಲೂ ಸಾಧ್ಯ. ಶಾಸನಸಭೆಯು 1952ರಲ್ಲಿ ತನ್ನ ಪಾಲಿನ ಕೆಲಸವನ್ನು ಆರಂಭಿಸಿತು. ಹುಬ್ಬಳ್ಳಿ, ಗದಗ, ವಿಜಾಪುರಗಳ ವಸಾಹತುಗಳಲ್ಲಿ ಬಾಳಿದವರ ನೆನಪುಗಳನ್ನು, ಅವರ ಮಕ್ಕಳು ಮೊಮ್ಮಕ್ಕಳು ಇರುವಾಗಲೇ, ಸಂಗ್ರಹಿಸಿಡುವ ಕಾರ್ಯ ನಮ್ಮ ವಿಶ್ವವಿದ್ಯಾನಿಲಯಗಳಿಗೆ ಸೇರಿದ್ದು. ಹಾಜರಿ ಪುಸ್ತಕವನ್ನು ಹಿಡಿದವರ ಮಾತನ್ನು ಇದುವರೆಗೆ ಸಾಕಷ್ಟು ಓದಿದ್ದೇವೆ. ಆ ಪುಸ್ತಕದಲ್ಲಿ ಹೆಸರಿದ್ದವರ ಮಾತನ್ನು ಇನ್ನು ಮುಂದೆ ಕೇಳಬೇಕಾಗಿದೆ.